ಕನ್ನಡ ಬಾರದ ಪರೀಕ್ಷಕಿ

ಅವರ ದೇಶದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಪೆಸಿಫಿಕ್ ಸಾಗರದ ನಡುವಿನ ಒಂದು ದ್ವೀಪದೇಶ ಎಂದರೆ ಸಾಕು. ಹೆಸರು ಹೇಳಿದರೆ ಅಲ್ಲಿಯವರಿಗೆ ಆಕೆ ಯಾರೆಂದು ತಕ್ಷಣ ತಿಳಿದುಬಿಡುತ್ತದೆ, ಅಷ್ಟು ಚಿಕ್ಕ ದೇಶ ಅದು. ಇಡೀ ದೇಶಕ್ಕೆ ಇದ್ದದ್ದು ಮೂರು ಕಾಲೇಜು. ಆ ಮೂರರಲ್ಲೂ ಪಾಠ ಸರಿಯಾಗಿ ನಡೆಯುತ್ತಿದೆಯೇ ಎಂದು ಹೊರಗಿನಿಂದ ನೋಡಿ ಹೇಳುವ ಏರ್ಪಾಡೊಂದನ್ನು ಕಟ್ಟುವ ಕೆಲಸ ಆಕೆಯ ಮೇಲೆ ಬಿದ್ದಿತ್ತು. ಅದನ್ನು ಕಲಿತು ಬರಲೆಂದು ಅವರ ಸರ್ಕಾರ ಆಕೆಯನ್ನು ಆರು ವಾರ ಸ್ಯಾನ್ ಡಿಯಾಗೋಗೆ ಕಳಿಸಿತು. ತೊಂಬತ್ತರ ದಶಕದ ನಡುವಿನ ಮಾತು ಇದು.

ನಾನಾಗ ಅಲ್ಲಿ ಎರಡು ವರ್ಷದ ಕೋರ್ಸುಗಳ ಒಂದು ಕಾಲೇಜಿನಲ್ಲಿ ಕೆಲಸಕ್ಕಿದ್ದೆ. ಎಷ್ಟು ವಿದ್ಯಾರ್ಥಿಗಳು ಸೇರಿದರು, ಎಷ್ಟು ಮಂದಿ ನಡುವೆ ಬಿಟ್ಟರು, ಮುಗಿಸಿದವರು ಎಲ್ಲಿಗೆ ಹೋದರು ಎಂದು ಪಟ್ಟಿ ಮಾಡಿ ವರದಿ ಬರೆಯುವ ಚಿಕ್ಕ ಆಫೀಸು ನಮ್ಮದು. ಅಮೆರಿಕದಲ್ಲಿ ಕಾಲೇಜುಗಳ ತಪಾಸಣೆಗೆ ಸರ್ಕಾರದವರು ಬರುವುದಿಲ್ಲ. ಕೆಲವು ವರ್ಷಗಳಿಗೊಮ್ಮೆ ಬೇರೆ ಕಾಲೇಜಿನ ಅಧ್ಯಾಪಕರು, ಲೈಬ್ರರಿಯವರು, ಆಡಳಿತದವರು ಸೇರಿ ಒಂದು ತಂಡವಾಗಿ ಬರುತ್ತಾರೆ, ಮೂರು ದಿನ ಉಳಿದು ಎಲ್ಲವನ್ನೂ ನೋಡುತ್ತಾರೆ, ವರದಿ ಬರೆಯುತ್ತಾರೆ. ಅದರ ಮೇಲೆ ಕಾಲೇಜಿನ ಮಾನ್ಯತೆ ನಿಂತಿರುತ್ತದೆ. ಆ ವರ್ಷ ನಮ್ಮ ಕಾಲೇಜಿನ ಸರದಿ. ತಂಡದವರು ಕೂತು ಓದಲು ಒಂದು ಕೋಣೆ ಸಜ್ಜು ಮಾಡಿ, ಅವರು ಕೇಳಬಹುದಾದ ಪ್ರತಿಯೊಂದು ಕಾಗದವನ್ನೂ ಅಲ್ಲಿ ಜೋಡಿಸಿಡುವ ಹೊಣೆ ನನ್ನದು. ಅದೇ ಹೊತ್ತಿಗೆ ನಮ್ಮ ಡೀನ್ ಬಂದು, ದ್ವೀಪದಿಂದ ಒಬ್ಬರು ಬರುತ್ತಿದ್ದಾರೆ, ನಿಮ್ಮ ಜೊತೆಗೇ ಇರಲಿ, ಎಲ್ಲ ತೋರಿಸಿ ಎಂದರು.

ಏರ್‌ಪೋರ್ಟಿಗೆ ನಾನೇ ಹೋಗಿ ಕರೆತಂದೆ. ಐವತ್ತು ದಾಟಿದ ಹೆಂಗಸು. ಎತ್ತರದ ಆಳು, ಕಿವಿಯ ಹಿಂದೆ ಪೆನ್ಸಿಲ್. ಊರಿನ ಶಾಲೆಯಲ್ಲಿ ಟೀಚರಾಗಿ ಶುರುಮಾಡಿ ಶಿಕ್ಷಣ ಇಲಾಖೆಯ ತನಕ ಬಂದವರು. ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಳ್ಳುವ ಮೊದಲೇ ಪ್ರಶ್ನೆ ಶುರು. ತಂಡದವರು ಯಾರು? ಅವರನ್ನು ಆರಿಸಿದವರು ಯಾರು? ಅವರಿಗೆ ಇಲ್ಲಿ ಯಾರ ಪರಿಚಯವಿದೆ? ಪ್ರಶ್ನೆ ಕೇಳಿ, ಉತ್ತರ ಮುಗಿಯುವವರೆಗೆ ಕಣ್ಣು ಕದಲಿಸದೆ ನೋಡುತ್ತಿದ್ದರು. ಎಂಟು ವರ್ಷದಿಂದ ಆ ಕೆಲಸದಲ್ಲಿದ್ದ ನನಗೆ ಅರ್ಧ ಪ್ರಶ್ನೆಗಳಿಗೆ ಉತ್ತರ ಗೊತ್ತಿಲ್ಲ ಎಂದು ಫ್ರೀವೇ ಹತ್ತುವುದರೊಳಗೆ ಗೊತ್ತಾಯಿತು.

ತಂಡದ ಪ್ರತಿಯೊಬ್ಬರೂ ಸಹಿ ಮಾಡುವ ಒಂದು ಕಾಗದವಿರುತ್ತದೆ. ಈ ಕಾಲೇಜಿನಲ್ಲಿ ನನ್ನ ನೆಂಟರು ಯಾರೂ ಇಲ್ಲ, ನಾನಿಲ್ಲಿ ಹಿಂದೆ ಕೆಲಸ ಮಾಡಿಲ್ಲ, ಕೆಲಸಕ್ಕೆ ಅರ್ಜಿಯನ್ನೂ ಹಾಕಿಲ್ಲ ಎಂದು. ನನ್ನ ಕಣ್ಣಿಗೆ ಅದು ಫೈಲಿಗೆ ಸೇರುವ ಹತ್ತಾರು ಕಾಗದಗಳಲ್ಲಿ ಒಂದು. ಆಕೆ ಮಾತ್ರ ಅದನ್ನು ಎರಡು ಸಲ ಓದಿದರು, ಕೈಯಲ್ಲೇ ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಇದನ್ನು ಊರಿಗೆ ಒಯ್ದರೆ ಸಹಿ ಹಾಕುವವರು ಒಬ್ಬರೂ ಸಿಗುವುದಿಲ್ಲ ಎಂದರು. ಮೊದಲನೆಯ ಕಾಲೇಜಿನ ಪ್ರಿನ್ಸಿಪಾಲ್ ಅವರ ಸೋದರಮಾವನ ಮಗ. ಎರಡನೆಯದರ ಮುಖ್ಯಸ್ಥರು ಅವರಿಗೇ ಅಕ್ಷರ ಕಲಿಸಿದ ಮೇಷ್ಟ್ರು. ಮೂರನೆಯದು ಚರ್ಚಿನದು, ಅಲ್ಲಿ ಅವರ ಭಾವನೇ ಪಾದ್ರಿ. ಇಡೀ ದೇಶದಲ್ಲಿ ಯಾರನ್ನು ಕರೆದರೂ ಹೀಗೇ.

ಹಾಗಾದರೆ ಹೊರದೇಶದವರನ್ನು ಕರೆಸಬಹುದಲ್ಲ ಎಂದೆ. ಕರೆಸಿದ್ದರಂತೆ. ದೊಡ್ಡ ದೇಶದಿಂದ ಒಬ್ಬ ಪ್ರೊಫೆಸರು ಬಂದು ಮೂರು ದಿನ ಇದ್ದು, ಲೈಬ್ರರಿ ಚಿಕ್ಕದು, ಅಧ್ಯಾಪಕರ ಡಿಗ್ರಿ ಸಾಲದು, ಕಾರು ನಿಲ್ಲಿಸಲು ಜಾಗವಿಲ್ಲ ಎಂದು ಬರೆದು ಹೋದನಂತೆ. ಆ ಕಾಲೇಜಿಗೆ ಎಲ್ಲರೂ ನಡೆದೇ ಬರುವವರು. ಕಾರಿನ ಮಾತು ಹೇಳುವಾಗ ಆಕೆ ನಗಲಿಲ್ಲ. ಅವನ ಮೇಲೆ ಸಿಟ್ಟೂ ಇರಲಿಲ್ಲ. ತನ್ನ ಊರಲ್ಲಿ ಏನು ನೋಡಲು ಕಲಿತಿದ್ದನೋ ಅದನ್ನೇ ಅವನು ನಮ್ಮಲ್ಲೂ ಹುಡುಕಿದ, ಪಾಪ, ಎಂದರು. ಗುರುತಿದ್ದವರು ನೋಡಿದರೆ ಸತ್ಯ ಹೇಳುವುದಿಲ್ಲ, ಗುರುತಿಲ್ಲದವರಿಗೆ ಸತ್ಯ ಕಾಣುವುದಿಲ್ಲ. ಇದಕ್ಕೆ ದಾರಿ ಹುಡುಕಲು ಆಕೆ ಅಷ್ಟು ದೂರ ಬಂದಿದ್ದರು.

ನಾನು ನನ್ನ ಊರಿನ ಕತೆ ಹೇಳಿದೆ. ಮದುವೆಗೆ ಮೊದಲು ಉಡುಪಿಯ ಕಡೆಯ ಒಂದು ಹೊಸ ಕಾಲೇಜಿನಲ್ಲಿ ಎರಡು ವರ್ಷ ಲೆಕ್ಚರರ್ ಆಗಿದ್ದೆ. ಯೂನಿವರ್ಸಿಟಿಯ ತಪಾಸಣಾ ಸಮಿತಿ ಬರುತ್ತದೆಂದು ಗೊತ್ತಾದ ವಾರ ನಮ್ಮ ಲೈಬ್ರರಿಯ ಖಾಲಿ ಕಪಾಟುಗಳು ತುಂಬಿಹೋದವು. ಪಕ್ಕದ ಊರಿನ ಕಾಲೇಜಿನಿಂದ ಟೆಂಪೋದಲ್ಲಿ ಪುಸ್ತಕಗಳು ಬಂದಿದ್ದವು. ಆ ಕಾಲೇಜಿನ ಸೀಲು ಕಾಣದ ಹಾಗೆ ಒಳಪುಟಕ್ಕೆ ಕಾಗದ ಅಂಟಿಸುವ ಕೆಲಸಕ್ಕೆ ನಾವು ಲೆಕ್ಚರರುಗಳೇ ಕೂತಿದ್ದೆವು. ಸಮಿತಿಯವರು ಬಂದರು, ಕಪಾಟಿನ ಮುಂದೆ ನಿಂತು ತಲೆಯಾಡಿಸಿದರು, ಊಟ ಮಾಡಿದರು, ಹೋದರು. ಮರುದಿನ ಟೆಂಪೋ ಮತ್ತೆ ಬಂತು. ಸಮಿತಿಯ ಒಬ್ಬರು ಆ ಪಕ್ಕದ ಊರಿನ ಕಾಲೇಜಿನವರೇ, ತಮ್ಮ ಪುಸ್ತಕದ ಗುರುತು ಅವರಿಗೆ ಖಂಡಿತ ಸಿಕ್ಕಿರಬೇಕು.

ಆಕೆ ಬಹಳ ಹೊತ್ತು ನಕ್ಕರು. ನಕ್ಕು ಮುಗಿಸಿ, ನಮ್ಮಲ್ಲಿ ಹಾಗೆ ಸಾಲ ತರಲು ಪಕ್ಕದ ಊರೂ ಇಲ್ಲ ಎಂದರು.

ತಂಡ ಬಂತು. ಮೂರು ದಿನ ಆಕೆ ನಾನು ಸಜ್ಜು ಮಾಡಿದ್ದ ಕೋಣೆಯ ಮೂಲೆಯಲ್ಲಿ ಕೂತು ನೋಡಿದರು. ನಾನು ಮೀಟಿಂಗುಗಳ ನಡಾವಳಿಯನ್ನೆಲ್ಲ ದಪ್ಪ ದಪ್ಪ ಬೈಂಡರುಗಳಲ್ಲಿ ಹಾಕಿ, ಬಣ್ಣದ ಚೀಟಿ ಅಂಟಿಸಿ, ತುಂಬಾ ಚಂದವಾಗಿ ಇಟ್ಟಿದ್ದೆ. ತಂಡದಲ್ಲಿದ್ದ ನರ್ಸಿಂಗ್ ಅಧ್ಯಾಪಕಿಯೊಬ್ಬರು ಒಂದು ಬೈಂಡರ್ ತೆರೆದು ಒಂದು ಮೀಟಿಂಗಿನ ಮೇಲೆ ಬೆರಳಿಟ್ಟು, ಇದಾದ ಮೇಲೆ ಏನು ಬದಲಾಯಿತು ಎಂದು ಕೇಳಿದರು. ಮೆತ್ತಗೇ ಕೇಳಿದ್ದು. ನನಗೆ ಉತ್ತರ ಗೊತ್ತಿರಲಿಲ್ಲ. ಡೀನ್‌ಗೂ ಗೊತ್ತಿರಲಿಲ್ಲ. ಮೂಲೆಯಲ್ಲಿ ದ್ವೀಪದವರು ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಬರೆದುಕೊಳ್ಳುವುದು ಕಂಡಿತು. ನಮ್ಮ ಕಾಲೇಜಿಗೆ ಮಾನ್ಯತೆಯೇನೋ ಸಿಕ್ಕಿತು, ಆದರೆ ವರದಿಯಲ್ಲಿ ಆ ಪ್ರಶ್ನೆಯೂ ಒಂದು ಸಾಲಾಗಿ ಬಂತು.

ಆ ದಿನಗಳಲ್ಲಿ ನನಗೆ ಇನ್ನೊಂದು ಶಾಲೆಯೂ ಇತ್ತು. ನಾವಿದ್ದದ್ದು ಸ್ಯಾನ್ ಡಿಯಾಗೋದ ಮೀರಾ ಮೆಸಾ ಬಡಾವಣೆಯಲ್ಲಿ. ನನ್ನ ಗಂಡ ಟೆಲಿಕಾಂ ಕಂಪನಿಯಲ್ಲಿ ಎಂಜಿನಿಯರ್. ಬೆಂಗಳೂರಿನಿಂದ, ಮಂಗಳೂರು ಕಡೆಯಿಂದ ಬಂದ ಹತ್ತು ಹನ್ನೆರಡು ಕನ್ನಡದ ಮನೆಗಳು ಸುತ್ತಮುತ್ತ ಇದ್ದವು. ಆ ಮನೆಗಳ ಮಕ್ಕಳಿಗೆ ನಾನು ನಾಲ್ಕು ವರ್ಷದಿಂದ ಭಾನುವಾರ ಬೆಳಿಗ್ಗೆ ಕನ್ನಡ ಕಲಿಸುತ್ತಿದ್ದೆ. ಒಂದು ಅಪಾರ್ಟ್‌ಮೆಂಟಿನ ಕೆಳಗಿನ ಕಮ್ಯುನಿಟಿ ರೂಮು, ಒಂದು ಬಿಳಿ ಹಲಗೆ, ಹದಿನಾಲ್ಕು ಮಕ್ಕಳು. ಯುಗಾದಿಯ ದಿನ ಮಕ್ಕಳು ವೇದಿಕೆಯಲ್ಲಿ ನಿಂತು ಪಾಠ ಓದುತ್ತಿದ್ದರು, ನಾನು ಎಲ್ಲರಿಗೂ ಸರ್ಟಿಫಿಕೇಟ್ ಕೊಡುತ್ತಿದ್ದೆ, ತಂದೆತಾಯಿಯರು ಫೋಟೋ ತೆಗೆದು ಊರಿಗೆ ಕಳಿಸುತ್ತಿದ್ದರು. ಎಲ್ಲರೂ ನನ್ನನ್ನು ಹೊಗಳುತ್ತಿದ್ದರು. ಹೊಗಳಿಕೆ ನನಗೆ ಇಷ್ಟವಾಗುತ್ತಿತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ.

ಒಂದು ಭಾನುವಾರ ಆಕೆಯೂ ಬರುತ್ತೇನೆಂದು ಬಂದು ಹಿಂದೆ ಕೂತರು. ಆಮೇಲೆ ಮನೆಯಲ್ಲಿ ನೀರುದೋಸೆ ತಿನ್ನುವಾಗ ನಾನು ತಮಾಷೆಗೆ, ಹೇಗಿತ್ತು, ನಮ್ಮ ಶಾಲೆಗೂ ಒಂದು ತಪಾಸಣೆ ಮಾಡಿಬಿಡಿ ಎಂದೆ.

ಆಕೆ ದೋಸೆಯನ್ನು ತಟ್ಟೆಯಲ್ಲಿ ಬಿಟ್ಟರು. ತಮಾಷೆಗಾದರೆ ಬೇಡ, ನಿಜಕ್ಕಾದರೆ ಮಾಡೋಣ, ನನಗೂ ಊರಿಗೆ ಹೋಗುವ ಮೊದಲು ಒಂದು ಅಭ್ಯಾಸವಾದಂತೆ ಆಗುತ್ತದೆ ಎಂದರು. ನಿಮ್ಮ ಶಾಲೆ ನಮ್ಮ ದೇಶದ ಹಾಗೇ ಇದೆ, ಎಲ್ಲರಿಗೂ ಎಲ್ಲರೂ ಗೊತ್ತು ಎಂದೂ ಸೇರಿಸಿದರು. ಆದರೆ ಅವರಿಗೆ ಕನ್ನಡ ಬಾರದು. ಕನ್ನಡ ಬರುವ, ಆದರೆ ನನ್ನ ಸ್ನೇಹಿತರಲ್ಲದ ಒಬ್ಬರು ಬೇಕು. ಸ್ಯಾನ್ ಡಿಯಾಗೋದಲ್ಲಿ ಕನ್ನಡ ಬರುವವರೆಲ್ಲ ನಮ್ಮ ಮನೆಯಲ್ಲಿ ಉಂಡವರೇ.

ನನ್ನ ಗಂಡನಿಗೆ ಲಾಸ್ ಏಂಜಲೀಸ್ ಕಡೆಯ ಒಬ್ಬರು ನೆನಪಾದರು. ಬರ್ಬ್ಯಾಂಕಿನ ಒಂದು ಸ್ಟುಡಿಯೋದಲ್ಲಿ ಟೀವಿ ಕಾರ್ಯಕ್ರಮಗಳಿಗೆ ಧ್ವನಿ ಜೋಡಿಸುವ ಕೆಲಸ ಮಾಡುವವರು, ಧಾರವಾಡದ ಕಡೆಯವರು. ಸ್ಯಾಂಟಾ ಕ್ಲಾರಿಟಾದ ತಮ್ಮ ಮನೆಯಲ್ಲಿ ಅವರೂ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಾರೆಂದು ಕೇಳಿದ್ದೆವು. ನೋಡಿದ್ದು ಒಂದೇ ಸಲ, ಯಾವುದೋ ಮದುವೆಯಲ್ಲಿ. ಫೋನ್ ಮಾಡಿ ವಿಷಯ ಹೇಳಿದಾಗ ಅವರು, ಬರ್ತೀನಿ, ಆದ್ರ ಒಂದು ಷರತ್ತು, ಆಮ್ಯಾಲೆ ನೀವೂ ಬಂದು ನನ್ನ ಸಾಲಿ ನೋಡಬೇಕು ಎಂದರು. ಒಪ್ಪಿದೆ.

ತಂಡ ಬರುವ ಮೊದಲು ಶಾಲೆಯೇ ತನ್ನ ಬಗ್ಗೆ ಒಂದು ವರದಿ ಬರೆದು ಕೊಡಬೇಕು, ಅದೇ ಕ್ರಮ. ನಾನು ಒಂದು ಸಂಜೆ ಕೂತು, ಮಕ್ಕಳಿಗೆ ನಮ್ಮ ಭಾಷೆ ಮತ್ತು ಸಂಸ್ಕೃತಿಯ ಪರಿಚಯ ಮಾಡಿಸುವುದು ನಮ್ಮ ಗುರಿ ಎಂದು ಬರೆದು ಇಂಗ್ಲಿಷಿಗೆ ತಿರುಗಿಸಿ ಓದಿದೆ. ಆಕೆ ಕೇಳಿದ್ದು ಇಷ್ಟೇ: ಪರಿಚಯವಾಗಿದೆ ಎಂದು ನಾನು ಹೇಗೆ ನೋಡಲಿ? ನಾನು ಇನ್ನೊಂದು ಬರೆದೆ. ಅದಕ್ಕೂ ಅದೇ ಪ್ರಶ್ನೆ. ಆಫೀಸಿನಲ್ಲಿ ಊಟದ ಹೊತ್ತಿನಲ್ಲಿ, ಕಾರಿನಲ್ಲಿ, ತರಕಾರಿ ಹೆಚ್ಚುವಾಗ, ಮೂರು ದಿನ ಅದೇ ಯೋಚನೆ. ನಾಲ್ಕು ವರ್ಷ ಕಲಿಸಿದ್ದೇನೆ, ಯಾಕೆ ಎಂದು ಒಮ್ಮೆಯೂ ನೆಟ್ಟಗೆ ಕೇಳಿಕೊಂಡಿರಲಿಲ್ಲ. ಕೊನೆಗೆ ಬರೆದದ್ದು: ಒಂದು ವರ್ಷ ಕಲಿತ ಮಗು ಊರಿನ ಅಜ್ಜಿಯೊಡನೆ ಫೋನಿನಲ್ಲಿ ಐದು ನಿಮಿಷ ಕನ್ನಡದಲ್ಲಿ ಮಾತಾಡಬೇಕು. ಆಕೆ ಓದಿಸಿಕೊಂಡು, ಇದು ಕಾಣುತ್ತದೆ ಎಂದರು.

ಧಾರವಾಡದವರು ಬರುವ ಭಾನುವಾರಕ್ಕೆ ನಾನು ಹಿಂದಿನ ದಿನವೇ ಪತ್ರೊಡೆಗೆ ಸಿದ್ಧತೆ ಮಾಡಿದ್ದೆ. ಅದಕ್ಕೆ ಹಿಟ್ಟು ಸವರಿ ಸುತ್ತಲು ಬೇಕಾದ ಕೆಸುವಿನ ಎಲೆ ಮೀರಾ ಮೆಸಾದ ಫಿಲಿಪಿನೋ ಅಂಗಡಿಯಲ್ಲಿ ಸಿಗುತ್ತಿತ್ತು. ಮನುಷ್ಯ ಎರಡೂವರೆ ಗಂಟೆ ಡ್ರೈವ್ ಮಾಡಿಕೊಂಡು ಬರುತ್ತಾರೆ, ಮೊದಲು ತಿಂಡಿ, ಆಮೇಲೆ ಶಾಲೆ ಎಂದುಕೊಂಡಿದ್ದೆ. ಆಕೆ ಬೇಡವೆಂದರು. ನೋಡುವವರು ನೋಡುವ ಮೊದಲು ನಿಮ್ಮ ಮನೆಯಲ್ಲಿ ಉಣ್ಣಬಾರದು. ನನಗೆ ಅದು ಒಪ್ಪಿಗೆಯಾಗಲೇ ಇಲ್ಲ. ಮನೆ ಬಾಗಿಲಿಗೆ ಬಂದವರಿಗೆ ಒಂದು ಲೋಟ ಕಾಫಿಯನ್ನೂ ಕೊಡದೆ ಕಳಿಸಿದ್ದು ನನ್ನ ಜನ್ಮದಲ್ಲಿ ಇಲ್ಲ. ನನ್ನ ಗಂಡ ನಡುವೆ ಬಂದು, ನಿಮ್ಮ ದೇಶದಲ್ಲಿ ಇದು ನಡೆಯುತ್ತದಾ ಎಂದು ಕೇಳಿದರು. ಆಕೆ ಪೆನ್ಸಿಲ್ ಕಚ್ಚಿಕೊಂಡು ಯೋಚಿಸಿದರು. ಇಲ್ಲ, ನಮ್ಮಲ್ಲೂ ಉಣ್ಣದೆ ಹೋದರೆ ಜಗಳವೇ ಆಗುತ್ತದೆ ಎಂದು ಒಪ್ಪಿಕೊಂಡರು. ಅಲ್ಲೇ ನಿಂತು ಒಂದು ನಿಯಮ ಮಾಡಿದೆವು: ವರದಿಯನ್ನು ಗಟ್ಟಿಯಾಗಿ ಓದಿದ ಮೇಲೆ ಊಟ, ಅದಕ್ಕೆ ಮೊದಲು ನೀರು ಮಾತ್ರ. ಆಕೆ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಧಾರವಾಡದವರು ಪಾರ್ಕಿಂಗ್ ಜಾಗದಲ್ಲಿ ತಮ್ಮ ಕಾರಿನಲ್ಲೇ ಕೂತು, ಹೆಂಡತಿ ಕಟ್ಟಿಕೊಟ್ಟ ಸ್ಯಾಂಡ್‌ವಿಚ್ ತಿಂದು ಒಳಗೆ ಬಂದರು. ನಾನು ಕಿಟಕಿಯಿಂದ ನೋಡಿ ಸಂಕಟಪಟ್ಟೆ.

ಅಂದಿನ ತರಗತಿ ನನ್ನ ಮಟ್ಟಿಗೆ ಬಹಳ ಚೆನ್ನಾಗಿ ಆಯಿತು. ಮಕ್ಕಳು ಒಬ್ಬೊಬ್ಬರಾಗಿ ನಿಂತು ಪಾಠ ಓದಿದರು. ಒತ್ತಕ್ಷರ ತಪ್ಪಲಿಲ್ಲ. ನನ್ನ ಮಗಳಿಗೆ ಹತ್ತು ವರ್ಷ, ಅವಳೇ ಎಲ್ಲರಿಗಿಂತ ವೇಗವಾಗಿ ಓದಿದಳು. ಆಮೇಲೆ ಧಾರವಾಡದವರು ಎದ್ದು, ಪುಸ್ತಕ ಮುಚ್ಚಿಸಿ, ನಿನ್ನೆ ಶನಿವಾರ ಏನೇನ್ ಮಾಡಿದ್ರಿ ಎಂದು ಕೇಳಿದರು.

ಹದಿನಾಲ್ಕು ಮಕ್ಕಳೂ ನನ್ನ ಮುಖ ನೋಡಿದವು. ಪ್ರಶ್ನೆ ಅರ್ಥವಾಗಿತ್ತು, ಅದು ಕಣ್ಣಲ್ಲೇ ಗೊತ್ತಾಗುತ್ತಿತ್ತು. ಒಬ್ಬಳು ಇಂಗ್ಲಿಷಿನಲ್ಲಿ ಶುರುಮಾಡಿ ನಿಲ್ಲಿಸಿದಳು. ನನ್ನ ಮಗಳು ನೆಲ ನೋಡಿದಳು. ಅವರು ಮತ್ತೊಮ್ಮೆ, ನಿಧಾನವಾಗಿ ಕೇಳಿದರು. ಆಗ ಹಿಂದಿನ ಸಾಲಿನ ಒಬ್ಬ ಹುಡುಗಿ ಕೈ ಎತ್ತಿದಳು. ಓದುವುದರಲ್ಲಿ ಎಲ್ಲರಿಗಿಂತ ಹಿಂದೆ ಅವಳು, ಅಕ್ಷರಗಳೇ ಕಲಸಿಹೋಗುತ್ತಿದ್ದವು. ಪ್ರತಿ ವರ್ಷ ಅವಳ ಸರ್ಟಿಫಿಕೇಟ್ ಬರೆಯುವಾಗ ನನಗೆ ಮುಜುಗರವಾಗುತ್ತಿತ್ತು.

"ನಾನು ಸಾಕರ್ ಆಡೋಕೆ ಹೋಗಿದ್ದೆ ಅಂಕಲ್," ಎಂದಳು. "ಬಿದ್ದು ಮಂಡಿ ಕೆತ್ತಿ ಹೋಯ್ತು. ಅಜ್ಜಿ ಅರಿಶಿನ ಹಚ್ಚಿದ್ರು, ಉರೀತಿತ್ತು, ನಾನು ಅಳಲಿಲ್ಲ."

ಅವರು ಅವಳ ಹತ್ತಿರ ಕುಕ್ಕರುಗಾಲಲ್ಲಿ ಕೂತು ಇನ್ನೂ ಏನೇನೋ ಕೇಳಿದರು. ಆರು ತಿಂಗಳಿಂದ ಅವಳ ಅಜ್ಜಿ ಊರಿಂದ ಬಂದು ಅವರ ಮನೆಯಲ್ಲಿದ್ದರು. ಐದು ನಿಮಿಷ ದಾಟಿತು. ಅವಳು ಮಾತು ನಿಲ್ಲಿಸಲಿಲ್ಲ.

ವರದಿಯನ್ನು ನಮ್ಮ ಮನೆಯ ಹಾಲಿನಲ್ಲಿ ಓದಿದರು. ಅವರಿಬ್ಬರೂ ಸೋಫಾದ ಮೇಲೆ, ನಾನೂ ನನ್ನ ಗಂಡನೂ ಎದುರಿಗೆ. ಅಡುಗೆಮನೆಯಿಂದ ಪತ್ರೊಡೆಯ ಒಗ್ಗರಣೆ ಘಮ ಬರುತ್ತಿತ್ತು. ಮಕ್ಕಳು ತಪ್ಪದೆ ಓದುತ್ತಾರೆ, ಬರವಣಿಗೆ ದುಂಡಾಗಿದೆ, ಬಿಡದೆ ಬರುತ್ತಾರೆ ಎಂದು ಧಾರವಾಡದವರು ಮೊದಲು ಓದಿದರು. ಆಮೇಲೆ, ಕೇಳಿ ನೋಡಿದರೆ ಓದಿದ್ದರಲ್ಲಿ ಹೆಚ್ಚಿನದು ಮಕ್ಕಳಿಗೆ ಅರ್ಥವಾಗಿಲ್ಲ. ಶಾಲೆಯೇ ಬರೆದ ಗುರಿಯನ್ನು ಮುಟ್ಟಿದ್ದು ಒಂದೇ ಮಗು, ಆ ಮಗು ಅದನ್ನು ಕಲಿತದ್ದು ಶಾಲೆಯಲ್ಲಿ ಅಲ್ಲ. ನಾನು ತಲೆಯಾಡಿಸುತ್ತ ಕೇಳುತ್ತಿದ್ದೆ, ಆದರೆ ಮನಸ್ಸಿನೊಳಗೆ ಉತ್ತರಗಳು ಸಾಲುಗಟ್ಟುತ್ತಿದ್ದವು. ವಾರಕ್ಕೆ ಒಂದೂವರೆ ಗಂಟೆ. ಮನೆಯಲ್ಲಿ ತಂದೆತಾಯಿಯೇ ಇಂಗ್ಲಿಷ್ ಮಾತಾಡುತ್ತಾರೆ. ನಾನು ಬಿಡುವಿಲ್ಲದೆ ದುಡಿಯುವವಳು.

ಕೊನೆಯಲ್ಲಿ ಅವರು, ಇದು ದ್ವೀಪದವರು ಹೇಳಿ ಬರೆಸಿದ ಸಾಲು ಎಂದು ಹೇಳಿ, ಟೀಚರು ತರಗತಿ ನಡೆಸುವುದು ಇಂಗ್ಲಿಷಿನಲ್ಲಿ ಎಂದು ಓದಿದರು.

ಅದನ್ನು ಮಾತ್ರ ನಾನು ಒಪ್ಪಲಿಲ್ಲ. ನಾನು ಕನ್ನಡದಲ್ಲೇ ಪಾಠ ಮಾಡುವುದು ಎಂದೆ. ಸ್ವರ ಸ್ವಲ್ಪ ಏರಿತ್ತು. ಧಾರವಾಡದವರು ಮುಜುಗರದಿಂದ ಕಾಗದ ಮಡಚಿದರು. ಆಗ ದ್ವೀಪದವರು, ಏನಾಯಿತೆಂದು ಕೇಳಿ ತಿಳಿದುಕೊಂಡು, ತಮ್ಮ ನೋಟ್‌ಬುಕ್ ತೆರೆದು ನನ್ನ ಕೈಗೆ ಕೊಟ್ಟರು. ಬಂದ ಎರಡೂ ಭಾನುವಾರ ಹಿಂದಿನ ಸಾಲಿನಲ್ಲಿ ಕೂತು ನನ್ನ ಪಾಠವನ್ನು ಅವರು ಬರೆದುಕೊಂಡಿದ್ದರು. ಪುಸ್ತಕ ತೆಗೆಯಿರಿ. ಹತ್ತನೆಯ ಪುಟ. ನೀನು ಓದು. ಇದರ ಅರ್ಥ ಹೀಗೆ. ಸದ್ದು ಮಾಡಬೇಡಿ. ಚೆನ್ನಾಗಿ ಓದಿದೆ. ಮುಂದಿನ ವಾರ ಇಷ್ಟು ಬರೆದು ತನ್ನಿ. ಸಾಲು ಸಾಲಾಗಿ, ನಾನು ಆಡಿದ ಹಾಗೆಯೇ, ಅಷ್ಟೂ ಇಂಗ್ಲಿಷಿನಲ್ಲಿ.

"ನಿಮ್ಮ ತರಗತಿಯ ಮುಕ್ಕಾಲು ಪಾಲು ನನಗೆ ಅರ್ಥವಾಯಿತು," ಎಂದರು. "ನನಗೆ ಕನ್ನಡ ಬರುವುದಿಲ್ಲ."

ನಾನು ಎದ್ದು ಅಡುಗೆಮನೆಗೆ ಹೋದೆ. ಪತ್ರೊಡೆಯನ್ನು ತಟ್ಟೆಗೆ ಹಾಕುವ ನೆಪದಲ್ಲಿ ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಅವಮಾನ ಅನ್ನಿಸಿತು, ಅದಕ್ಕಿಂತ ಹೆಚ್ಚಾಗಿ ಆಶ್ಚರ್ಯವಾಯಿತು. ನನ್ನ ಬಾಯಿಂದ ಯಾವ ಭಾಷೆ ಬರುತ್ತಿದೆ ಎಂಬುದೇ ನನಗೆ ಗೊತ್ತಿಲ್ಲದೆ ನಾಲ್ಕು ವರ್ಷ ಹೋಗಿತ್ತು. ಭಾಷೆ ಬರುವವರೇ ಕೂತಿದ್ದರೆ ಬಹುಶಃ ಯಾರೂ ಅದನ್ನು ಗಮನಿಸುತ್ತಿರಲಿಲ್ಲ, ಈ ಊರಲ್ಲಿ ನಾವೆಲ್ಲ ಮಾತಾಡುವುದೇ ಹಾಗೆ. ಆಮೇಲೆ ತಟ್ಟೆ ಹಿಡಿದು ಹೊರಗೆ ಬಂದೆ. ಧಾರವಾಡದವರು ಮೊದಲ ತುಂಡು ಬಾಯಿಗಿಟ್ಟು, ಏನಿದು ತಂಗಿ, ಎಲಿ ಹಿಂಗೂ ತಿಂತಾರೇನು ಎಂದರು. ಪತ್ರೊಡೆ ಅವರಿಗೆ ಹೊಸದು. ಮೂರು ಸಲ ಹಾಕಿಸಿಕೊಂಡರು.

ಎರಡು ವಾರ ಕಳೆದು ನಮ್ಮ ಸರದಿ. ಆಕೆ ಊರಿಗೆ ಹೊರಡುವುದು ಅದರ ಮರುದಿನ, ಸೋಮವಾರ, ಲಾಸ್ ಏಂಜಲೀಸಿನಿಂದ ವಿಮಾನ. ಭಾನುವಾರ ಬೆಳಿಗ್ಗೆ ಅವರ ಪೆಟ್ಟಿಗೆಯನ್ನು ಡಿಕ್ಕಿಯಲ್ಲಿಟ್ಟು ಐದನೆಯ ನಂಬರಿನ ಫ್ರೀವೇ ಹಿಡಿದು ಉತ್ತರಕ್ಕೆ ಹೊರಟೆವು. ಎಡಕ್ಕೆ ಸಮುದ್ರ ಕಾಣುವಷ್ಟು ದೂರ ಆಕೆ ಅದನ್ನೇ ನೋಡುತ್ತಿದ್ದರು. ಇದೇ ನೀರು ನಮ್ಮ ಮನೆಯ ಹಿಂದೆಯೂ ಇದೆ, ಇಲ್ಲಿ ಯಾರೂ ಅದರಲ್ಲಿ ಮೀನು ಹಿಡಿಯುವುದು ಕಾಣುವುದಿಲ್ಲವಲ್ಲ ಎಂದರು.

ಧಾರವಾಡದವರ ಶಾಲೆ ನಡೆಯುತ್ತಿದ್ದದ್ದು ಅವರ ಮನೆಯ ಗರಾಜಿನಲ್ಲಿ. ಕಾರು ಹೊರಗೆ, ಚಾಪೆ ಒಳಗೆ, ಒಂಬತ್ತು ಮಕ್ಕಳು. ಹೊರಗೇ ನಿಂತಾಗಲೇ ಗಲಾಟೆ ಕೇಳುತ್ತಿತ್ತು, ಅಷ್ಟೂ ಕನ್ನಡ. ಒಬ್ಬ ತನ್ನ ನಾಯಿ ಕಳೆದುಹೋದ ಕತೆ ಹೇಳುತ್ತಿದ್ದ, ಉಳಿದವರು ನಡುವೆ ಬಾಯಿ ಹಾಕುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಯಿತು. ಬೆಂಗಳೂರಿನ ತಂದೆತಾಯಿಯ ಮಕ್ಕಳು ಕೂಡ ಹೌದ್ರಿ, ಇಲ್ರಿ ಎನ್ನುತ್ತಿದ್ದರು. ಒಬ್ಬ ತಾಯಿ ನನ್ನನ್ನು ಪಕ್ಕಕ್ಕೆ ಕರೆದು, ನಮ್ಮ ಅತ್ತೆಗೆ ಫೋನಿನಲ್ಲಿ ಇವನ ಕನ್ನಡ ಕೇಳಿ ನಗು ತಡೆಯೋಕ್ಕಾಗಲ್ಲ ಎಂದು ದೂರು ಹೇಳಿದರು. ಅದು ದೂರೋ ಹೆಮ್ಮೆಯೋ ನನಗೆ ತಿಳಿಯಲಿಲ್ಲ, ಎರಡನ್ನೂ ಬರೆದುಕೊಂಡೆ.

ನನ್ನ ಸರದಿ ಬಂದಾಗ ನಾನು ಒಂದು ಹಾಳೆಯ ಮೇಲೆ ದೊಡ್ಡದಾಗಿ ಎರಡು ಸಾಲು ಬರೆದು ಹಿಡಿದೆ. ಒಂಬತ್ತರಲ್ಲಿ ಏಳು ಮಕ್ಕಳಿಗೆ ಓದಲು ಬರಲಿಲ್ಲ. ಇಬ್ಬರು ತಡವರಿಸುತ್ತ ಓದಿದರು. ಕಪಾಟಿನಲ್ಲಿ ಹೊಸ ಪುಸ್ತಕಗಳು ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ ಕೂತಿದ್ದವು. ಅವುಗಳನ್ನು ನೋಡಿ ನನಗೆ ಉಡುಪಿಯ ಆ ಕಪಾಟೇ ನೆನಪಾಗಿ, ಇವು ಯಾಕೆ ಹೀಗಿವೆ ಎಂದು ಕೇಳಿದೆ. ಅವರು ಕೈ ಒರೆಸಿಕೊಳ್ಳುತ್ತ, ನನ್ನ ಕೆಲಸ ಎಲ್ಲಾ ಕಿವೀದು ನೋಡ್ರಿ, ಓದಿಸಲಿಕ್ಕೆ ನನಗ ತಾಳ್ಮಿ ಇಲ್ಲ ಎಂದರು.

ವರದಿ ಬರೆಯುವುದು ಬೈಸಿಕೊಳ್ಳುವುದಕ್ಕಿಂತ ಕಷ್ಟ ಎಂದು ಆ ದಿನ ಗೊತ್ತಾಯಿತು. ಮನೆಯೊಳಗೆ ಅವರ ಹೆಂಡತಿ ಜೋಳದ ರೊಟ್ಟಿ ಬಡಿಯಲು ಶುರುಮಾಡಿದ್ದರು. ಹತ್ತಿರದ ಪಾರ್ಕಿನ ಬೆಂಚಿನಲ್ಲಿ ಕೂತು ನಾನು, ಓದಿನ ಕಡೆಗೆ ಇನ್ನಷ್ಟು ಗಮನ ಕೊಡಬಹುದು ಎಂದು ಬರೆದೆ. ಪಕ್ಕದಲ್ಲಿದ್ದ ದ್ವೀಪದವರು ಅದರ ಅರ್ಥ ಹೇಳಿಸಿಕೊಂಡು, ನೀವು ಕಂಡದ್ದು ಇದೇನಾ ಎಂದು ಕೇಳಿದರು. ಹೊಡೆದು ಹಾಕಿ, ಏಳು ಮಕ್ಕಳಿಗೆ ಓದಲು ಬರುವುದಿಲ್ಲ ಎಂದು ಬರೆದೆ. ಅದನ್ನೇ ಧಾರವಾಡದವರ ಮುಂದೆ ಗಟ್ಟಿಯಾಗಿ ಓದಿದೆ. ಅವರ ಹೆಂಡತಿ ಬಾಗಿಲಲ್ಲಿ ನಿಂತು, ನಾ ಹೇಳಿದ್ರ ಕೇಳ್ತಿರಲಿಲ್ಲ ಎಂದರು. ರೊಟ್ಟಿ, ಎಣ್ಣೆಗಾಯಿ ಬಂದವು. ಊಟದ ಅರ್ಧಕ್ಕೆ ಧಾರವಾಡದವರು ತಲೆ ಎತ್ತಿ, ನಿಮ್ಮ ಮಕ್ಕಳಿಗೆ ಓದು ಹೆಂಗ ಕಲಿಸಿದ್ರಿ, ಮೊದಲಿಂದ ಹೇಳ್ರಿ ಎಂದು ಕೇಳಿದರು. ನಾನು ಹೇಳಿದೆ. ನೀವು ಮಾತು ಹೇಗೆ ಕಲಿಸಿದಿರಿ ಎಂದು ನಾನು ಕೇಳಿದೆ. ಆಕೆ ನಮ್ಮಿಬ್ಬರ ನಡುವೆ ಕೂತು, ಒಂದು ಪದವೂ ಅರ್ಥವಾಗದೆ, ಬಹಳ ತೃಪ್ತಿಯಿಂದ ಎರಡನೆಯ ರೊಟ್ಟಿಗೆ ಕೈ ಹಾಕಿದರು.

ಆ ರಾತ್ರಿ ಅಲ್ಲೇ ಉಳಿದು, ಮರುದಿನ ದ್ವೀಪದವರನ್ನು ಏರ್‌ಪೋರ್ಟಿನಲ್ಲಿ ಬಿಟ್ಟೆ. ಸಾಲಿನಲ್ಲಿ ನಿಂತಾಗ, ಊರಿಗೆ ಹೋಗಿ ಏನು ಮಾಡುತ್ತೀರಿ ಎಂದು ಕೇಳಿದೆ. ಸುತ್ತಲಿನ ಇನ್ನೆರಡು ದ್ವೀಪದೇಶಗಳಿಗೆ ಕಾಗದ ಬರೆಯುತ್ತೇನೆ, ಅವರದ್ದೂ ನಮ್ಮಷ್ಟೇ ಕಷ್ಟ, ನಾವು ಅವರದನ್ನು ನೋಡುವುದು, ಅವರು ನಮ್ಮದನ್ನು ನೋಡುವುದು, ಜೊತೆಗೆ ದೂರದ ಒಬ್ಬರು, ಭಾಷೆ ಬಾರದವರಾದರೂ ಸರಿ ಎಂದರು. ದೊಡ್ಡ ಯೋಜನೆಯ ಹಾಗೆ ಹೇಳಲಿಲ್ಲ, ನಾಳೆ ಬಟ್ಟೆ ಒಗೆಯುತ್ತೇನೆ ಎನ್ನುವ ಹಾಗೆ ಹೇಳಿದರು.

ನಮ್ಮ ಶಾಲೆಯಲ್ಲಿ ಆಮೇಲೆ ಮೊದಲ ಅರ್ಧ ಗಂಟೆ ಪುಸ್ತಕ ಮುಚ್ಚಿ ಮಾತು ಮಾತ್ರ ಎಂದು ಮಾಡಿದೆ. ನನ್ನ ಬಾಯಿಂದ ಇಂಗ್ಲಿಷ್ ಪದ ನುಸುಳಿದರೆ ನನ್ನ ಮಗಳು ಬೆರಳು ಎತ್ತಬೇಕು, ಅದು ಅವಳಿಗೆ ಬಹಳ ಇಷ್ಟದ ಕೆಲಸ. ಮೊದಮೊದಲು ಬೆರಳು ಕೆಳಗಿಳಿಯಲೇ ಇಲ್ಲ. ಮಂಡಿಗೆ ಪೆಟ್ಟು ಮಾಡಿಕೊಂಡಿದ್ದ ಹುಡುಗಿಯ ಅಜ್ಜಿಯನ್ನು ಬನ್ನಿ ಎಂದು ಕರೆದೆ. ಅವರು ಊರಿಗೆ ಹಿಂತಿರುಗುವ ತನಕ ಪ್ರತಿ ಭಾನುವಾರ ಬಂದು, ಕುರ್ಚಿ ಎಳೆದು ಕೂತು, ಮಕ್ಕಳನ್ನು ಏನಾದರೂ ಕೇಳುತ್ತಿದ್ದರು, ಉತ್ತರ ಬರುವವರೆಗೆ ಕಾಯುತ್ತಿದ್ದರು. ಆ ವರ್ಷದ ಯುಗಾದಿಗೆ ಎಲ್ಲರಿಗೂ ಸರ್ಟಿಫಿಕೇಟ್ ಕೊಡಲಿಲ್ಲ. ಎರಡು ಮನೆಯವರು ಬೇಸರಗೊಂಡು ಮಕ್ಕಳನ್ನು ಬಿಡಿಸಿದರು. ಅದರಲ್ಲಿ ಒಂದು ಮನೆಯವರು ನನ್ನೊಡನೆ ಮೊದಲಿನಂತೆ ಮಾತಾಡಲಿಲ್ಲ. ಅದು ನನಗೆ ಈಗಲೂ ನೋವೇ.

ಒಂದು ವರ್ಷ ಕಳೆದ ಮೇಲೆ ಆಕೆಯಿಂದ ದಪ್ಪನೆಯ ಲಕೋಟೆ ಬಂತು. ಮೊದಲು ನೋಡಿಸಿದ್ದು ಸೋದರಮಾವನ ಮಗನ ಕಾಲೇಜನ್ನು. ನೋಡಿದವರು ಪಕ್ಕದ ದ್ವೀಪದೇಶದ ಇಬ್ಬರು ಮೇಷ್ಟ್ರುಗಳು ಮತ್ತು ಬಹಳ ದೂರದಿಂದ ಬಂದ ಒಬ್ಬ ಲೈಬ್ರರಿಯವಳು. ವರದಿಯನ್ನು ಊರಿನ ಸಭೆಯಲ್ಲಿ ಓದಿ ಹೇಳಿದ್ದಾರೆ, ಆಮೇಲೆ ಊಟ. ಮಾವನ ಮಗ ನಾಲ್ಕು ತಿಂಗಳು ಮಾತು ಬಿಟ್ಟಿದ್ದನಂತೆ, ಆಮೇಲೆ ಒಂದು ದಿನ ಮೀನು ತೆಗೆದುಕೊಂಡು ಮನೆಗೆ ಬಂದನಂತೆ. ಸಭೆಯಲ್ಲಿ ಒಬ್ಬ ವಯಸ್ಸಾದ ಮೀನುಗಾರ ಎದ್ದು ನಿಂತು, ದೋಣಿಯ ಎಂಜಿನ್ ಕೆಟ್ಟರೆ ರಿಪೇರಿಗೆ ನಾವು ಬೇರೆ ದೇಶಕ್ಕೆ ಕಳಿಸುತ್ತೇವೆ, ಕಾಲೇಜಿನಲ್ಲಿ ಅದನ್ನು ಯಾಕೆ ಕಲಿಸುವುದಿಲ್ಲ ಎಂದು ಕೇಳಿದನಂತೆ. ಅವನ ಪ್ರಶ್ನೆ ತಂಡದ ಯಾರಿಗೂ ಹೊಳೆದಿರಲಿಲ್ಲ. ನಿಮ್ಮಲ್ಲಿ ಅಂಥ ಕೋರ್ಸು ಇದೆಯೇ, ಇದ್ದರೆ ಏನೇನು ಕಲಿಸುತ್ತಾರೆ ಎಂದು ಆಕೆ ಕೇಳಿದ್ದರು.

ನಾನು ಲಕೋಟೆ ಹಿಡಿದುಕೊಂಡು ನಮ್ಮ ಕಾಲೇಜಿನಲ್ಲಿ ಕಾರು ರಿಪೇರಿ ಕಲಿಸುವ ಆಟೋ ಶಾಪಿಗೆ ಹೋದೆ. ಅಷ್ಟು ವರ್ಷ ಅಲ್ಲಿನ ವಿದ್ಯಾರ್ಥಿಗಳ ಸಂಖ್ಯೆಯನ್ನು ವರದಿಗಳಲ್ಲಿ ಬರೆದಿದ್ದೆ, ಒಳಗೆ ಕಾಲಿಟ್ಟಿರಲಿಲ್ಲ. ಅಲ್ಲಿದ್ದ ಅಧ್ಯಾಪಕ, ಕೈ ತುಂಬ ಗ್ರೀಸ್, ದೋಣಿ ಎಂಜಿನ್ನಿನ ಕೋರ್ಸು ಈಗಿಲ್ಲ, ಹಿಂದೆ ಇತ್ತು ಎಂದ. ಬಾಗಿ ಒಂದು ಡ್ರಾಯರ್ ಎಳೆದು ಹುಡುಕಿದ. ಅಂಚು ಹರಿದ ಹಳೆಯ ಪಠ್ಯಕ್ರಮ ಸಿಕ್ಕಿತು. ಉಪ್ಪು ನೀರಿಗೆ ಯಾವ ಭಾಗ ಮೊದಲು ತುಕ್ಕು ಹಿಡಿಯುತ್ತದೆ ಎಂದು ನಾನು ಕೇಳಿದ್ದಕ್ಕೆ ಅವನು ಖುಷಿಯಾಗಿ ಒಂದು ಎಂಜಿನ್ ಬಿಚ್ಚಿಯೇ ತೋರಿಸಿದ. ಮಧ್ಯಾಹ್ನ ಪೂರ್ತಿ ಅಲ್ಲೇ ಕಳೆದುಹೋಯಿತು. ಪಠ್ಯಕ್ರಮವನ್ನು ಕಾಪಿ ಮಾಡಿಸಿ, ಅವನು ಹೇಳಿದ ನಾಲ್ಕು ಮಾತುಗಳನ್ನು ಹಿಂಬದಿಯಲ್ಲಿ ಬರೆದು, ಅಂಚೆಗೆ ಹಾಕಿದೆ. ತಲುಪಿತು ಎಂದು ಚಿಕ್ಕ ಕಾರ್ಡು ಬಂತು. ಕೋರ್ಸು ಶುರುವಾಯಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಅಷ್ಟರಲ್ಲಿ ಆಕೆ ನಿವೃತ್ತರಾದರು, ಅವರ ಜಾಗಕ್ಕೆ ಬಂದವರು ನನಗೆ ಪರಿಚಯವಿಲ್ಲ.